ಕಟಕ್

ಕೌಲ್ ಬಜಾರಿನಲ್ಲಿ ರಾತ್ರಿ ಹತ್ತೂವರೆಗೆ
ಕೊನೆಯ ಓವರ್‌ಲಾಕ್ ಮಷೀನು ನಿಂತ ಮೇಲೂ
ಸ್ವಲ್ಪ ಹೊತ್ತು ಗೋಡೆ ಹೊಲಿಯುತ್ತಲೇ ಇರುತ್ತದೆ.
ನೀಲಿ ಧೂಳು. ಮೂಗಿನಲ್ಲಿ, ಚಹಾದಲ್ಲಿ, ಉಗುರಿನಲ್ಲಿ ನೀಲಿ.
ಎರ್ರಿಸ್ವಾಮಿ ಬಂದ, ಸಂಡೂರಿನ ಕಡೇ ಬಸ್ಸಿಗೆ,
ಕೆಂಪು ಧೂಳು ಹೊತ್ತು.
ಅವನು ಕೊಡವಿದ್ದು ನನ್ನದರ ಮೇಲೆ ಬಿತ್ತು.
ಇಬ್ಬರೂ ನೋಡಿ ನಕ್ಕೆವು.

ಐದು ಜನ. ಈಗ ಅರವತ್ತು ದಾಟಿದವರು.
ಯಾವುದೋ ಚಳಿ ಊರಿನಲ್ಲಿ ಜನರ ಮುಂದೆ
ಬಾರಿಸಿದ್ದನ್ನು ಹಾಗೆಯೇ ಹಿಡಿದು ಆಲ್ಬಮ್ ಮಾಡಿದ್ದಾರೆ,
ಕೆಮ್ಮು, ಸಿಳ್ಳೆ, ತಂತಿ ಬಿಗಿಯುವ ಕಿರಿಕಿರಿ ಸಮೇತ.
ಎರಡು ಗಂಟೆ ನಲವತ್ತು ನಿಮಿಷ.
ನಮಗೆ ಬೇಕಾದದ್ದು ಒಂದೇ ಹಾಡು.

ಅದು ಮೊದಲು ಬಂದದ್ದು ಒಂದು ಪ್ಯಾಂಟಿನ ಜೇಬಿನಲ್ಲಿ.
ತೋರಣಗಲ್ಲಿಗೆ ಕುಲುಮೆ ಕಟ್ಟಲು ಬಂದಿದ್ದ ಯಾವನೋ ಇಂಜಿನಿಯರು
ಆಲ್ಟರ್ ಆದ ಪ್ಯಾಂಟು ಒಯ್ದ, ಕ್ಯಾಸೆಟ್ಟು ಮರೆತ.
ನಾವು ನೆನಪಿಸಲಿಲ್ಲ. ಅದು ಬೇರೆ ಮಾತು.

ಏಳರ ಲೆಕ್ಕ. ಮೂರು, ಆಮೇಲೆ ನಾಲ್ಕು,
ನಡುವೆ ಎಲ್ಲೋ ಐದಕ್ಕೆ ಜಾರಿ ಮತ್ತೆ ಏಳು.
ನನಗೆ ಬರೀ ಗದ್ದಲ.
ಮೊಹರಮ್ಮಿಗೆ ಹಲಿಗೆ ಬಾರಿಸುತ್ತಿದ್ದ ಎರ್ರಿಸ್ವಾಮಿಯೇ
ಕತ್ತರಿ ಹಿಡಿದ ನನ್ನ ಕೈ ತಟ್ಟಿ ಹೇಳಿಕೊಟ್ಟ:
"ಕಾಲಿನಾಗ ಅಲ್ಲಲೇ ನಬಿ, ಸೊಂಟದಾಗ ಎಣಿಸು."
ಅಂದಿನಿಂದ ನಾನು ಏಳರಲ್ಲೇ ಬಟ್ಟೆ ಕತ್ತರಿಸಿದ್ದೇನೆ.
ನಿಮ್ಮ ಜೀನ್ಸಿನ ತೊಡೆ ಒಂಚೂರು ವಕ್ರ ಇದ್ದರೆ
ಕ್ಷಮಿಸಿ.

ಹಾಡು ಮುಗಿಯುವ ಮೊದಲೇ ಸೈಡ್ ಮುಗಿಯುತ್ತಿತ್ತು.
ಗಿಟಾರು ಒಂದೊಂದೇ ಮೆಟ್ಟಿಲು ಹತ್ತಿ
ಕೊನೆಯದಕ್ಕೆ ಕಾಲೆತ್ತಿದಾಗ
ಕಟಕ್.
ತಿರುವಿ ಹಾಕಿದರೆ ಆ ಕಡೆ ಬೇರೆ ಹಾಡು.
ಇಪ್ಪತ್ತೈದು ವರ್ಷ ನಮ್ಮ ಪಾಲಿಗೆ ಅದು ಅಲ್ಲಿಗೇ ಮುಗಿಯಿತು.
ಫೋನು ಬಂದ ಮೇಲೆ ಹುಡುಕಬಹುದಿತ್ತು. ಹುಡುಕಲಿಲ್ಲ.
ಎತ್ತಿದ ಕಾಲು ಇಳಿಯುವುದನ್ನು
ಒಬ್ಬನೇ ನೋಡುವುದು ಸರಿ ಅನ್ನಿಸಲಿಲ್ಲ.

ಅವನು ಹದಿನಾರು ವರ್ಷ ಕ್ರಷರಿನಲ್ಲಿದ್ದ.
ಅದಿರು ಒಡೆಯುವ ಸದ್ದಿಗೆ ಲಯ ಇಲ್ಲ ಅನ್ನುತ್ತಾನೆ,
ಇದ್ದಿದ್ದರೆ ಕಿವಿ ಉಳಿಯುತ್ತಿತ್ತು ಅನ್ನುತ್ತಾನೆ.
ಮೊದಲು ಹೋದದ್ದು ಗುಬ್ಬಿ. ಆಮೇಲೆ ಕಂಡಕ್ಟರನ ಸೀಟಿ.
ಆಮೇಲೆ ಮಗಳ ಮಾತಿನೊಳಗಿನ ಸಕಾರ.
ಕೆಳಗಿನದು ಉಳಿದಿದೆ: ಲಾರಿ, ಗುಡುಗು, ನನ್ನ ಬೈಗುಳ.

ಸ್ಪೀಕರನ್ನು ಕಟಿಂಗ್ ಟೇಬಲ್ಲಿನ ಮೇಲಿಟ್ಟೆ.
ಎರಡೂ ಅಂಗೈ ಹಲಗೆಗೆ ಊರಿ ಕಣ್ಣು ಮುಚ್ಚಿದ.
ಗುಂಡಿಗಳು ತೆವಳತೊಡಗಿದವು.
ಎರಡು ಸುತ್ತು ಆಗಿರಬೇಕು.
"ನಿಧಾನ ಆಗ್ಯಾರ," ಅಂದ.
"ವಯಸ್ಸಾತಲ್ಲ."
"ಅಲ್ಲಲೇ. ಭಾರ ಹಾಕ್ಯಾರ. ಲೋಡ್ ಗಾಡಿ ಘಾಟ್ ಏರಿದಂಗ."

ಹಾಡುಗಾರನ ಆ ಎತ್ತರದ ಕೂಗು ಬರುವ ಹೊತ್ತು.
ಕ್ಯಾಸೆಟ್ಟಿನಲ್ಲಿ ಅದು ತಗಡು ಹರಿದ ಹಾಗಿತ್ತು,
ಅದಕ್ಕಾಗಿಯೇ ಬಾಗಿಲು ಹಾಕಿಕೊಳ್ಳುತ್ತಿದ್ದೆವು.
ಇಲ್ಲಿ ಅವನು ಉಸಿರು ಎಳೆದ. ಬರೇ ಉಸಿರು.
ಮೈಕು ಜನರ ಕಡೆ ತಿರುಗಿಸಿರಬೇಕು.
ಕೂಗಿದ್ದು ಜನ, ಸಾವಿರ ಗಂಟಲು, ಅರ್ಧ ಅಪಸ್ವರ.

"ಹತ್ತಿದನಾ?" ಕಣ್ಣು ತೆರೆಯದೆ ಕೇಳಿದ.
ಕಿವಿಗೆ ಬಾಯಿ ಹಚ್ಚಿ "ಹತ್ತಿದ್ರು" ಅಂದೆ.
"ಏನಲೇ, ಭಾಳ ಮರ್ಯಾದಿ ಕೊಡಾಕತ್ತಿ ಅವಗ."

ಆಮೇಲೆ ಮೆಟ್ಟಿಲು.
ಒಂದು. ಇನ್ನೊಂದು.
ನನ್ನ ಕೈ ತಾನಾಗಿ ಹೊರಟಿತು, ಇಲ್ಲದ ಬಟನ್ನಿನ ಕಡೆ.
ಅವನ ಹೆಬ್ಬೆರಳೂ ಹಲಗೆಯಿಂದ ಎದ್ದಿತ್ತು.

ಕಟಕ್ ಅನ್ನಲಿಲ್ಲ.

ಹಾಡು ಮುಂದೆ ಹೋಯಿತು, ನಮಗೆ ಗೊತ್ತಿಲ್ಲದ ಓಣಿಗೆ.
ಡ್ರಮ್ಮು ಒಂದೇ ಉಳಿದು, ಆಮೇಲೆ ಬೇಸ್ ಬಂದು ಸೇರಿ
"ಏಳಲ್ಲ ಇದು," ಅಂದ. ಎಣಿಸಿದ. ತಪ್ಪಿದ. ಮತ್ತೆ ಎಣಿಸಿದ.
"ಒಂಬತ್ತಾ? ತಡಿ, ಮಾತಾಡಬ್ಯಾಡ."
ನಾನು ಮಾತಾಡಿರಲಿಲ್ಲ.
ಹೊರಗೆ ಯಾರೋ ಶಟರು ಎಳೆದರು, ಕರೆಂಟು ಒಮ್ಮೆ ಮಿಣುಕಿತು,
ಒಂದು ಹಿತ್ತಾಳೆ ಗುಂಡಿ ಟೇಬಲ್ಲಿನ ಅಂಚಿಗೆ ಬಂದು
ಬೀಳದೆ ನಡುಗುತ್ತಿತ್ತು.